ಕಾಲುಂಗುರದ ಓಟ

ಮದುವೆಮನೆಯ ಜಮಖಾನದ ಮೇಲೆ ಕಾಲು ಚಾಚಿ ಕೂರುವ ಸುಖ ನಾಲ್ಕು ತಿಂಗಳಿಂದ ನನ್ನ ಪಾಲಿಗಿಲ್ಲ. ಚಾಚಿ ಎರಡು ನಿಮಿಷ ಆಗಿರುವುದಿಲ್ಲ, ಯಾರಾದರೊಬ್ಬ ದೊಡ್ಡಮ್ಮನ ಕಣ್ಣು ಪಾದದ ಮೇಲೆ ಬಂದು ಕೂರುತ್ತದೆ. ಬಲಗಾಲಿನಲ್ಲಿ ಕಾಲುಂಗುರ ಇದೆ, ಎಡಗಾಲಿನಲ್ಲಿ ಇಲ್ಲ. ಎರಡೂ ಇಲ್ಲದಿದ್ದರೆ ಹೊಸಕಾಲದವಳು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಒಂದೇ ಇರುವುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮೊನ್ನೆ ತೀರ್ಥಹಳ್ಳಿಯ ಮದುವೆಯೊಂದರಲ್ಲಿ ನಮ್ಮ ಮನೆಯವರ ಸೋದರತ್ತೆ ನನ್ನ ಕಾಲನ್ನೇ ದಿಟ್ಟಿಸಿ, "ಇದೆಂತದೇ ಮಾರಾಯ್ತಿ, ಒಂದು ಕಾಲಿಗೆ ಮದುವೆಯಾಗಿ ಇನ್ನೊಂದು ಕನ್ಯೆಯಾಗೇ ಉಳೀತಾ?" ಎಂದು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನಮ್ಮತ್ತೆ, ಎಲೆಗೆ ಸುಣ್ಣ ಸವರುತ್ತಲೇ, "ಬೆಳ್ಳಿ ಸವೆದಿತ್ತು. ಮಾಡಿಸೋಕೆ ಕೊಟ್ಟಿದೀವಿ" ಎಂದುಬಿಟ್ಟರು.

ನಮ್ಮತ್ತೆ ಸುಳ್ಳು ಹೇಳುವವರಲ್ಲ. ಹಾಲಿನವನು ಲೆಕ್ಕ ತಪ್ಪಿ ಎರಡು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟರೆ ಗೇಟಿನ ತನಕ ಹೋಗಿ ಕೂಗಿ ಕರೆಯುವವರು. ಆ ಉಂಗುರ ಯಾವ ಅಕ್ಕಸಾಲಿಯ ಹತ್ತಿರವೂ ಇಲ್ಲ, ನಮ್ಮ ದೇವರ ಗೂಡಿನ ಅರಿಶಿನದ ಬಟ್ಟಲಿನಲ್ಲಿದೆ ಎಂಬುದು ಅವರಿಗೆ ಗೊತ್ತು. ಅಲ್ಲಿ ಇಟ್ಟವರೇ ಅವರು.

ಉಂಗುರ ಕಾಲು ಬಿಟ್ಟದ್ದಕ್ಕೆ ಕಾರಣ ಬೆಟ್ಟದಲ್ಲಿ ನಾನು ಓಡಿದ 50 ಕಿಲೋಮೀಟರ್. ಓಡಿದೆ ಎನ್ನಲು ನನಗೇ ಸಂಕೋಚ. ಬ್ಯಾಂಕಿನ ಗಾಜಿನ ಹಿಂದೆ ಕೂತು ನೋಟು ಎಣಿಸುವ, ನಲವತ್ತಾರು ತುಂಬಿದ ಹೆಂಗಸು ನಾನು. ಶಾಲೆಯ ನೂರು ಮೀಟರ್ ಓಟದಲ್ಲಿ ಲಂಗ ಕಾಲಿಗೆ ತೊಡರಿ ಬಿದ್ದ ಮೇಲೆ ಓಡಿದ್ದಿದ್ದರೆ ಅದು ಬಸ್ಸಿನ ಹಿಂದೆ ಮಾತ್ರ. ಆರು ವರ್ಷದ ಹಿಂದೆ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, "ಸಕ್ಕರೆ ಹೊಸ್ತಿಲಲ್ಲಿ ನಿಂತಿದೆ ಅಮ್ಮಾ, ಒಳಗೆ ಕರೀಬೇಡಿ" ಎಂದರು. ಶಿವಮೊಗ್ಗದ ನೆಹರೂ ಸ್ಟೇಡಿಯಮ್ಮಿನಲ್ಲಿ ಬೆಳಗಿನ ಸುತ್ತು ಶುರುವಾಯಿತು. ವಾಕಿಂಗಿನವರದ್ದೇ ಒಂದು ಪ್ರಪಂಚ. ಮೊದಲ ಸುತ್ತಿನಲ್ಲಿ ಮೊಣಕಾಲು ನೋವು, ಎರಡನೆಯದರಲ್ಲಿ ರಾಜಕೀಯ, ಮೂರನೆಯದರಲ್ಲಿ ಸೊಸೆ. ಸೊಸೆಯರ ಸುತ್ತು ಬಂದಾಗ ನಾನೂ ಒಬ್ಬಳು ಸೊಸೆಯಾದ್ದರಿಂದ ತಪ್ಪಿಸಿಕೊಳ್ಳಲೆಂದು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ನಾನು ಓಟ ಕಲಿತದ್ದು ಹೀಗೆ.

ಕಲಿತದ್ದು ಅಲ್ಲಿಗೇ ನಿಲ್ಲಬಹುದಿತ್ತು. 2024ರ ಮಾರ್ಚಿನಲ್ಲಿ ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಹಳದಿ ಗೇಟೊಂದನ್ನು ಮುಟ್ಟಿ, ಅದರ ಬುಡದಲ್ಲೇ ಕುಸಿದು ಕೂತ ಹೆಂಗಸು. ಕಾಲ ತುಂಬ ಮುಳ್ಳು ಗೀರಿದ ಗಾಯ. ಜಾಸ್ಮಿನ್ ಪ್ಯಾರಿಸ್ ಅಂತ, ಬ್ರಿಟನ್ನಿನ ಪಶುವೈದ್ಯೆ, ಎರಡು ಮಕ್ಕಳ ತಾಯಿ. ಅಮೆರಿಕದ ಟೆನೆಸ್ಸಿಯ ಕಾಡುಗುಡ್ಡಗಳಲ್ಲಿ ನಡೆಯುವ ಬಾರ್ಕ್ಲಿ ಮ್ಯಾರಥಾನ್ ಎಂಬ ಓಟವನ್ನು ಮುಗಿಸಿದ ಮೊದಲ ಹೆಂಗಸು. ಐದು ಸುತ್ತು, ಎಲ್ಲ ಸೇರಿ ನೂರು ಮೈಲಿಗೆ ಕಡಿಮೆಯಿಲ್ಲ, ಹತ್ತಿಳಿಯುವ ಎತ್ತರ ಎವರೆಸ್ಟಿನ ಸುಮಾರು ಎರಡರಷ್ಟು, ಗಡುವು 60 ಗಂಟೆ. ಆಕೆ ಗೇಟು ಮುಟ್ಟಿದಾಗ ಗಡುವಿಗೆ ಉಳಿದಿದ್ದದ್ದು 99 ಸೆಕೆಂಡು. ನಾನು ಒಲೆಯ ಮುಂದೆ ನಿಂತಿದ್ದೆ. ಕುಕ್ಕರಿನ ಎರಡನೇ ಸೀಟಿಗೂ ಮೂರನೆಯದಕ್ಕೂ ನಡುವೆ ಗಡಿಯಾರ ನೋಡಿದೆ. ಹೆಚ್ಚುಕಡಿಮೆ ಅಷ್ಟೇ ಹೊತ್ತು. ಎರಡೂವರೆ ದಿನ ನಿದ್ದೆಗೆಟ್ಟು ಓಡಿ ಆಕೆ ಉಳಿಸಿಕೊಂಡದ್ದು ಒಂದು ಸೀಟಿ.

ಇದೇ ಜಾಸ್ಮಿನ್ 2019ರಲ್ಲಿ ಇಂಗ್ಲೆಂಡಿನ ಪೆನ್ನೈನ್ ಬೆಟ್ಟಸಾಲಿನ 268 ಮೈಲಿಯ ಓಟದಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಗೆದ್ದಾಗ ಮನೆಯಲ್ಲಿ ಹಾಲುಕುಡಿಯುವ ಕೂಸಿತ್ತು. ನಡುನಡುವೆ ನಿಂತು ಎದೆಹಾಲು ಹಿಂಡಿಟ್ಟು ಮುಂದೆ ಹೋಗುತ್ತಿದ್ದಳಂತೆ. ಇದನ್ನು ಕೇಳಿದ ಮೇಲೆ ನನಗೆ ನನ್ನ ಮೊಣಕಾಲಿನ ಬಗ್ಗೆ ಮಾತಾಡಲು ನಾಚಿಕೆಯಾಯಿತು.

ಆ ರಾತ್ರಿ ಹರಿವೆ ಸೊಪ್ಪು ಬಿಡಿಸುತ್ತ ಅತ್ತೆಗೆ ಬಾರ್ಕ್ಲಿಯ ಕಥೆ ಹೇಳಿದೆ. ಮಾರ್ಟಿನ್ ಲೂಥರ್ ಕಿಂಗರನ್ನು ಕೊಂದು ಜೈಲು ಸೇರಿದ್ದ ಜೇಮ್ಸ್ ಅರ್ಲ್ ರೇ 1977ರಲ್ಲಿ ಅಲ್ಲಿಯ ಜೈಲಿನಿಂದ ತಪ್ಪಿಸಿಕೊಂಡ. ಐವತ್ತಕ್ಕೂ ಹೆಚ್ಚು ಗಂಟೆ ಆ ಗುಡ್ಡದಲ್ಲಿ ಅಲೆದು ಸಿಕ್ಕಿಬಿದ್ದಾಗ ಅವನು ಹೋಗಿದ್ದದ್ದು ಕೆಲವೇ ಮೈಲಿ. ಲ್ಯಾಜರಸ್ ಲೇಕ್ ಎಂದು ತನಗೆ ತಾನೇ ಹೆಸರಿಟ್ಟುಕೊಂಡ ಗ್ಯಾರಿ ಕ್ಯಾಂಟ್ರೆಲ್ ಎಂಬಾತ, ಅಷ್ಟು ಹೊತ್ತಿನಲ್ಲಿ ನಾನಾಗಿದ್ದರೆ ನೂರು ಮೈಲಿ ಹೋಗುತ್ತಿದ್ದೆ ಎಂದು ಗೇಲಿ ಮಾಡಿ, 1986ರಲ್ಲಿ ಆ ಗುಡ್ಡದಲ್ಲೇ ಓಟ ಶುರುಮಾಡಿದ.

"ಹಂಗಾರೆ ಓಡಿಹೋಗಿದ್ದು ಅವ್ನು, ಶಿಕ್ಷೆ ಇವ್ರಿಗಾ?" ಅಂದರು ಅತ್ತೆ.

ಓಟ ಎಷ್ಟು ಹೊತ್ತಿಗೆ ಅಂತ ಅಲ್ಲಿ ಮೊದಲೇ ಹೇಳುವುದಿಲ್ಲ. ಎಲ್ಲರೂ ಟೆಂಟಿನಲ್ಲಿ ಮಲಗಿರುವಾಗ ಯಾವುದೋ ಹೊತ್ತಿನಲ್ಲಿ ಶಂಖ ಊದುತ್ತಾರೆ. ಅದಾಗಿ ಒಂದು ಗಂಟೆಗೆ ಆ ಮಹಾನುಭಾವ ಸಿಗರೇಟು ಹಚ್ಚಿದರೆ ಓಟ ಶುರು. ಶಂಖ ಎಂದ ಕೂಡಲೇ ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು. ಅವರ ತವರಿನಲ್ಲಿ ಶ್ರಾವಣದ ಶನಿವಾರ ದಾಸಯ್ಯ ಬಾಗಿಲಿಗೆ ಬಂದು ಶಂಖ ಊದಿ ಜಾಗಟೆ ಬಡಿದರೆ ಮಕ್ಕಳೆಲ್ಲ ಮೊರದಲ್ಲಿ ಅಕ್ಕಿ ತುಂಬಿಕೊಂಡು ಓಡುತ್ತಿದ್ದರಂತೆ. ಅಲ್ಲಿಯೂ ಬರಿಗೈಯಲ್ಲಿ ಹೋಗುವ ಹಾಗಿಲ್ಲ ಎಂದೆ. ಶುಲ್ಕ 1 ಡಾಲರ್ 60 ಸೆಂಟ್. ಹೊಸಬರಾದರೆ ಜೊತೆಗೆ ತಮ್ಮೂರಿನ ಕಾರಿನ ನಂಬರ್ ಪ್ಲೇಟು. ದಾರಿಗೆ ಗುರುತಿಲ್ಲ. ಕಾಡಿನಲ್ಲಿ ಅಲ್ಲಲ್ಲಿ ಅಡಗಿಸಿಟ್ಟ ಪುಸ್ತಕ ಹುಡುಕಿ, ತನ್ನ ನಂಬರಿನ ಹಾಳೆ ಹರಿದು ತಂದು ಒಪ್ಪಿಸಬೇಕು. ಶುಲ್ಕ ಕಡಿಮೆ ಎಂಬುದನ್ನು ಅತ್ತೆ ಮೆಚ್ಚಿದರು. ಪುಸ್ತಕದ ಹಾಳೆ ಹರಿಯುವುದನ್ನು ಮಾತ್ರ ಕೊನೆಗೂ ಕ್ಷಮಿಸಲಿಲ್ಲ.

ಎರಡು ವಾರ ಬಿಟ್ಟು, ರಾತ್ರಿ ಹನ್ನೊಂದು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ, ಚಿಕ್ಕಮಗಳೂರಿನ ಕಡೆಯ ಕಾಫಿ ತೋಟ, ಗುಡ್ಡಗಳಲ್ಲಿ ಅಕ್ಟೋಬರಿನಲ್ಲಿ ನಡೆಯಲಿದ್ದ ಒಂದು ಓಟಕ್ಕೆ ಹೆಸರು ಕೊಟ್ಟೆ. 50 ಕಿಲೋಮೀಟರ್, ಒಟ್ಟು ಏರು 1800 ಮೀಟರ್, ಗಡುವು 12 ಗಂಟೆ. ಆ ಶುಲ್ಕದಲ್ಲಿ ಎರಡು ಇಳಕಲ್ ಸೀರೆ ಬರುತ್ತಿತ್ತು. ಕಳ್ಳತನದಲ್ಲಿ ಪ್ರೇಮಪತ್ರ ಬರೆದವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ಕಾಫಿ ಕೊಡುತ್ತ ಇವರಿಗೆ ಹೇಳಿದೆ. ಇವರು ಪೇಪರಿನಿಂದ ತಲೆಯೆತ್ತದೆ, "ಅಲ್ಲ, ಅಲ್ಲಿಗೆ ಜೀಪು ಹೋಗಲ್ವಾ?" ಅಂದರು.

ಶೂ ತರಲು ಹೋದರೆ ಅಂಗಡಿಯ ಹುಡುಗ ಒಂದು ಸೈಜು ದೊಡ್ಡದೇ ತಗೊಳ್ಳಿ ಎಂದ. ಗಂಟೆಗಟ್ಟಲೆ ಓಡಿದರೆ ಪಾದ ಊದಿಕೊಳ್ಳುತ್ತದಂತೆ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಜಾರಿ ಶೂವಿನ ಮೂತಿಗೆ ಬಡಿದು ಉಗುರಿನಡಿ ರಕ್ತ ಕಟ್ಟುತ್ತದಂತೆ. ನನಗೆ ನಗು ಬಂತು. ಚಿಕ್ಕಂದಿನಲ್ಲಿ ನಮಗೆ ಎಲ್ಲವೂ ಒಂದು ಸೈಜು ದೊಡ್ಡದೇ. ಅಪ್ಪ ಜೂನ್ ತಿಂಗಳಲ್ಲಿ ತರುತ್ತಿದ್ದ ರಬ್ಬರ್ ಚಪ್ಪಲಿ ಬರುವ ವರ್ಷಕ್ಕೂ ಆಗಬೇಕಿತ್ತು. ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಬಿಟ್ಟು, ಮಳೆಗಾಲವಿಡೀ ಬೆನ್ನಿಗೆ ಕೆಸರು ಸಿಡಿಸಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಚಪ್ಪಲಿಗೆ ಕಾಲು ಸರಿಹೊಂದುವ ಹೊತ್ತಿಗೆ ಉಂಗುಷ್ಟ ಕಿತ್ತಿರುತ್ತಿತ್ತು. ಮೂವತ್ತೈದು ವರ್ಷದ ಮೇಲೆ ಮತ್ತೆ ಬೆಳೆಯುವ ಕಾಲಿಗೆಂದು ಶೂ ಕೊಂಡೆ.

"ಆ ಟೋ ರಿಂಗ್ ತೆಗೆದುಬಿಡಿ ಆಂಟಿ, ಊದಿದ್ರೆ ಕಚ್ಚಿಕೊಳ್ಳತ್ತೆ" ಎಂದೂ ಆ ಹುಡುಗ ಹೇಳಿದ್ದ. ಆಂಟಿ ಎಂದದ್ದು ಕಿವಿಗೆ ಬಿತ್ತು, ಉಳಿದದ್ದು ಬೀಳಲಿಲ್ಲ. ಬಿದ್ದಿದ್ದರೂ ಏನು ಮಾಡಲಾಗುತ್ತಿತ್ತು? ಈಗಿನವು ಬಾಯಿ ಬಿಡುವ ಉಂಗುರ, ಹಿಗ್ಗಿಸಬಹುದು. ನನ್ನದು ಇಪ್ಪತ್ತೊಂದು ವರ್ಷದ ಹಿಂದೆ ಬೆಸುಗೆ ಹಾಕಿ ಮುಚ್ಚಿಸಿದ್ದು. ಅದಕ್ಕಿಂತ ದೊಡ್ಡ ತೊಡಕು ಬೇರೆ. ಗಂಡ ಇರುವಾಗ ಕಾಲುಂಗುರ ಕಳಚಬಾರದು ಎಂಬುದನ್ನು ನಾನು ನಂಬುವವಳಲ್ಲ. ನಂಬುವವಳಲ್ಲ ಎಂದು ಅತ್ತೆಯ ಎದುರು ತೋರಿಸಿಕೊಳ್ಳುವ ಧೈರ್ಯದವಳೂ ಅಲ್ಲ. ಮಾವ ತೀರಿಕೊಂಡು ಹನ್ನೊಂದು ವರ್ಷ. ಅತ್ತೆಯ ಬೋಳು ಬೆರಳುಗಳ ಎದುರು ಕೂತು ನನ್ನದನ್ನು ಶೂಗೆ ಅಡ್ಡ ಬರುತ್ತದೆಂದು ತೆಗೆದಿಡುವುದು ನನ್ನಿಂದ ಆಗಲಿಲ್ಲ.

ಆರು ತಿಂಗಳು ಭಾನುವಾರಗಳನ್ನೆಲ್ಲ ಗುಡ್ಡಕ್ಕೆ ಕೊಟ್ಟೆ. ಕುಂದಾದ್ರಿಯ ತಿರುವುಗಳನ್ನು ಹತ್ತಿ, ಬಸದಿಯ ಪಕ್ಕದ ಕೊಳದ ಹತ್ತಿರ ಚಿತ್ರಾನ್ನದ ಡಬ್ಬಿ ಬಿಚ್ಚಿ, ಮತ್ತೆ ಇಳಿಯುವುದು. ಮಳೆಗಾಲ ಕಳೆದ ಮೇಲೆ ಕೊಡಚಾದ್ರಿ. ಅಲ್ಲಿಯ ಜೀಪಿನವರಿಗೆ ನಾನು ತಮಾಷೆಯ ವಸ್ತುವಾದೆ. ಒಬ್ಬ ಪುಣ್ಯಾತ್ಮ ನನ್ನ ಪಕ್ಕದಲ್ಲೇ ಜೀಪು ನಿಧಾನ ಮಾಡಿ, "ದುಡ್ಡು ಬೇಡ ಮೇಡಂ, ಹತ್ತಿ, ನೋಡೋಕಾಗ್ತಿಲ್ಲ" ಎಂದ. ಬೆಟ್ಟದ ಓಟದಲ್ಲಿ ಯಾರೂ ಪೂರ್ತಿ ಓಡುವುದಿಲ್ಲ ಎಂಬ ಗುಟ್ಟು ತಿಳಿದದ್ದು ಈ ದಿನಗಳಲ್ಲೇ. ಏರಿನಲ್ಲಿ ತೊಡೆಯ ಮೇಲೆ ಕೈಯೂರಿ ನಡೆಯುವುದು, ಸಮತಟ್ಟಿನಲ್ಲಿ ಓಡುವುದು, ಹಸಿವಾಗುವ ಮೊದಲೇ ತಿನ್ನುವುದು. ಇಳಿಯುವುದು ಸುಲಭ ಅಂದುಕೊಂಡಿದ್ದೆ. ಏರು ಉಸಿರು ಕೇಳಿದರೆ ಇಳಿಜಾರು ಉಗುರನ್ನೇ ಕೇಳುತ್ತದೆ. ಸೋಮವಾರ ಬ್ಯಾಂಕಿನ ಮೂರು ಮೆಟ್ಟಿಲನ್ನು ನಾನು ಹಿಮ್ಮುಖವಾಗಿ ಇಳಿಯುವುದನ್ನು ನೋಡಿ ಅಟೆಂಡರು ಇದು ಯಾವ ವ್ರತ ಅಂತ ಕೇಳಿದ್ದ.

ಈ ಹುಚ್ಚಿನ ಮೂಲಪುರುಷನಿಗೆ ಜೀಪು ಹೋಗಲಿ, ಕುದುರೆಯೇ ಇತ್ತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಕುದುರೆಗಳಿಗೆಂದು ನೂರು ಮೈಲಿಯ ಪಂದ್ಯ ನಡೆಯುತ್ತಿತ್ತು. 24 ಗಂಟೆಯೊಳಗೆ ಮುಗಿಸಿದ ಸವಾರನಿಗೆ ಸೊಂಟಪಟ್ಟಿಯ ಬೆಳ್ಳಿ ಬಕಲ್. ಗೋರ್ಡಿ ಏನ್ಸ್‌ಲೀ ಎಂಬ ಸವಾರನ ಕುದುರೆ ಒಂದು ವರ್ಷ ಕುಂಟಿತು. 1974ರಲ್ಲಿ ಅವನು ಕುದುರೆಯೇ ಬೇಡವೆಂದು ಕುದುರೆಗಳ ಜೊತೆ ತಾನೇ ಓಡಿ, 23 ಗಂಟೆ 42 ನಿಮಿಷಕ್ಕೆ ಮುಗಿಸಿದ. ಈಗ ವೆಸ್ಟರ್ನ್ ಸ್ಟೇಟ್ಸ್ ಎಂದು ಹೆಸರಾದ ಓಟ ಅಲ್ಲಿಂದ ಹುಟ್ಟಿತು. 24 ಗಂಟೆಯೊಳಗೆ ಮುಗಿಸಿದವರಿಗೆ ಈಗಲೂ ಬೆಳ್ಳಿ ಬಕಲ್. ಅವರು ಬೆಳ್ಳಿಗಾಗಿ ಓಡುತ್ತಾರೆ, ನಾನು ಬೆಳ್ಳಿ ಹೊತ್ತು ಓಡಿದೆ.

ಅಕ್ಟೋಬರಿನ ಬೆಳಿಗ್ಗೆ ಆರು ಗಂಟೆ. ಶಂಖ ಊದಲಿಲ್ಲ, ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದರು. ಮಂಜಿನಲ್ಲಿ ಹಣೆದೀಪಗಳ ಸಾಲು ಗುಡ್ಡ ಹತ್ತುವಾಗ ದೀಪಾವಳಿ ಮೊದಲೇ ಬಂದ ಹಾಗಿತ್ತು. ಮೊದಲ ಒಂದು ಗಂಟೆ ನಾನು ಜಾಸ್ಮಿನ್ ಪ್ಯಾರಿಸ್. ಎರಡನೇ ಗಂಟೆಯಲ್ಲಿ ಇಂಬಳಗಳು ಕಾಲುಚೀಲದೊಳಗೆ ಇಳಿದವು. ಅಲ್ಲಲ್ಲಿ ಹುಡುಗರು ಟೇಬಲ್ ಹಾಕಿಕೊಂಡು ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಮಜ್ಜಿಗೆ ಕೊಡುತ್ತಿದ್ದರು. ಉಪ್ಪಿನ ಆಲೂಗಡ್ಡೆಗೆ ಅಷ್ಟೊಂದು ರುಚಿಯಿದೆ ಎಂದು ತಿಳಿಯಲು ಇಪ್ಪತ್ತು ಕಿಲೋಮೀಟರ್ ನಡೆಯಬೇಕಾಯಿತು.

ಕಾಫಿ ಗಿಡಗಳಿಗೆ ಕಟ್ಟಿದ ಕಿತ್ತಳೆ ಬಣ್ಣದ ರಿಬ್ಬನ್ನೇ ದಾರಿ. ಒಂದು ಕಡೆ ರಿಬ್ಬನ್ ನಿಂತೇಹೋಯಿತು. ಸಿಲ್ವರ್ ಮರಗಳ ನಡುವೆ ಹತ್ತು ನಿಮಿಷ ತಡಕಾಡಿ ವಾಪಸು ಬಂದರೆ, ಮಲೆನಾಡು ಗಿಡ್ಡ ಹಸುವೊಂದು ಬೇಲಿಗೆ ಕತ್ತು ತಿಕ್ಕುತ್ತ ನಿಂತಿದೆ, ಬಾಯಿಯ ಮೂಲೆಯಿಂದ ಒಂದು ಕಿತ್ತಳೆ ಬಾಲ ನೇತಾಡುತ್ತಿದೆ. ಟೆನೆಸ್ಸಿಯಲ್ಲಿ ಪುಸ್ತಕದ ಹಾಳೆ ಹರಿದು ದಾರಿ ತಿಳಿಸಬೇಕು. ನಮ್ಮಲ್ಲಿ ದಾರಿಯನ್ನೇ ಮೇಯುತ್ತಾರೆ.

ಮೂವತ್ತನೇ ಕಿಲೋಮೀಟರಿಗೆ ಮುಂಚೆ ಒಂದು ಉದ್ದದ ಇಳಿಜಾರು. ಅದು ಮುಗಿಯುವ ಹೊತ್ತಿಗೆ ಎಡಗಾಲಿನಲ್ಲಿ ಬೆಂಕಿ. ದಾರಿಬದಿಯ ಕಲ್ಲಿನ ಮೇಲೆ ಕೂತು ಶೂ ಕಳಚಿದೆ. ಹೆಬ್ಬೆರಳಿನ ಪಕ್ಕದ್ದು ನೇರಳೆಹಣ್ಣಿನ ಹಾಗೆ ಊದಿ, ಉಂಗುರ ಮಾಂಸದೊಳಗೆ ಮುಳುಗಿತ್ತು. ಮುಟ್ಟಿದರೆ ಕಣ್ಣಿಗೆ ಕತ್ತಲೆ. ಆಚೆ ಮರದಡಿ ಕಳೆ ತೆಗೆಯುವ ಹೆಂಗಸರು ಗೋಣಿ ಹಾಸಿಕೊಂಡು ಊಟಕ್ಕೆ ಕೂತಿದ್ದರು. ಅವರಲ್ಲಿ ವಯಸ್ಸಾದಾಕೆಯೊಬ್ಬಳು ಎದ್ದು ಬಂದಳು.

"ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರೇನಕ್ಕಾ?"

"ಇಲ್ಲ."

"ಮತ್ತೆ?"

ಬಾರ್ಕ್ಲಿಗೆ ಸೇರಬಯಸುವವರು ತಮ್ಮನ್ನು ಯಾಕೆ ಓಡಲು ಬಿಡಬೇಕು ಎಂದು ಒಂದು ಪ್ರಬಂಧ ಬರೆದು ಕಳಿಸಬೇಕು. ಅದನ್ನು ಓದಿದಾಗ ನಾನೂ ಮನಸ್ಸಿನಲ್ಲೇ ಎರಡು ಪುಟ ಬರೆದುಕೊಂಡಿದ್ದೆ. ಆ "ಮತ್ತೆ?"ಗೆ ಅದರಿಂದ ಒಂದು ಸಾಲೂ ಒದಗಲಿಲ್ಲ. ಸುಮ್ಮನೆ ಕಾಲು ತೋರಿಸಿದೆ.

ಆಕೆ ನೆಲಕ್ಕೆ ಕೂತು ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೆಸರು, ಬೆವರು, ಇಂಬಳ ಕಚ್ಚಿದ ರಕ್ತ ಎಲ್ಲ ಇತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳ ಮಡಿಲಲ್ಲಿ ಕಾಲಿಟ್ಟು ಕೂರಲು ಮೈ ಹಿಡಿಯಾಯಿತು. ಬೇಡ ಅಜ್ಜಿ ಎಂದೆ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ನನ್ನ ಪಾದ ಇನ್ನೊಬ್ಬರ ಕೈಗೆ ಹೋದದ್ದು ಅದಕ್ಕೆ ಮೊದಲು ಒಂದೇ ಸಲ, ಮದುವೆಯ ದಿನ. ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇವರು ನನ್ನ ಕಾಲು ಹಿಡಿದು ಕಲ್ಲಿನ ಮೇಲೆ ಇರಿಸಿದ್ದರು. ಈ ಕಲ್ಲಿನ ಹಾಗೆ ಅಲುಗದೆ ಇರು ಎಂಬುದು ಆ ಮಂತ್ರದ ಅರ್ಥವಂತೆ. ಅಲುಗಬೇಡ ಎಂದು ತೊಡಿಸಿದ್ದನ್ನು ಕಾಲಲ್ಲಿಟ್ಟುಕೊಂಡು ನಾನು ಮೂವತ್ತು ಕಿಲೋಮೀಟರ್ ಕಲ್ಲು ತುಳಿದು ಬಂದಿದ್ದೆ. ಕೊಲೊರಾಡೊದ ಹಾರ್ಡ್‌ರಾಕ್ ಎಂಬ ನೂರು ಮೈಲಿಯ ಓಟದಲ್ಲಿ ಮುಗಿಸಿದವರು ಕೊನೆಗೆ ಒಂದು ಬಂಡೆಗೆ ಮುತ್ತಿಡುತ್ತಾರಂತೆ. ಎಲ್ಲ ಕಡೆಯೂ ಕಲ್ಲನ್ನು ಸಾಕ್ಷಿಗೆ ಕರೆಯುವವರು ಇದ್ದಾರೆ.

ಆಕೆ ಗೋಣಿಯ ಅಂಚಿನಿಂದ ಉದ್ದನೆಯ ಒಂದು ದಾರ ಎಳೆದಳು. ತುದಿಯನ್ನು ಊಟದ ಡಬ್ಬಿಯ ಎಣ್ಣೆಯಲ್ಲಿ ನೆನೆಸಿ, ತಲೆಗೂದಲಿನ ಪಿನ್ನಿನಿಂದ ಉಂಗುರದ ಅಡಿ ತೂರಿಸಿದಳು. ಉಳಿದ ದಾರವನ್ನು ಉಂಗುರದಿಂದ ಉಗುರಿನ ತನಕ ಬಿಗಿಯಾಗಿ, ಒಂದಕ್ಕೊಂದು ತಾಗಿಸಿ, ಬುಗುರಿಗೆ ಜಾಟಿ ಸುತ್ತಿದಂತೆ ಸುತ್ತಿದಳು. ಊದಿದ್ದ ಬೆರಳು ದಾರದೊಳಗೆ ಸಣ್ಣಗಾಯಿತು. ಆಮೇಲೆ ಬುಡದ ತುದಿ ಹಿಡಿದು ನಿಧಾನಕ್ಕೆ ಬಿಚ್ಚುತ್ತ ಹೋದಳು. ಒಂದೊಂದು ಸುತ್ತು ಬಿಚ್ಚಿದಾಗಲೂ ಉಂಗುರ ಒಂದೊಂದು ಕೂದಲಷ್ಟು ಮುಂದೆ ಬಂತು. ನೋಟು ಎಣಿಸುವಾಗ ನನ್ನ ಬೆರಳಿಗೂ ಇಷ್ಟು ಲೆಕ್ಕ ಇರುವುದಿಲ್ಲ. ಕೊನೆಗೆ ಟಿಣ್ ಎಂದು ಆಕೆಯ ಅಂಗೈಗೆ ಬಿತ್ತು.

ಕಳೆದುಹೋಗದಿರಲೆಂದು ಅದನ್ನು ನನ್ನ ಸೆರಗಿನಲ್ಲಿ ಗಂಟು ಹಾಕಲು ನೋಡಿದಳು. ಸೆರಗಿರಲಿಲ್ಲ. ಟೀ ಶರ್ಟನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಅದೇ ಗೋಣಿದಾರಕ್ಕೆ ಉಂಗುರ ಪೋಣಿಸಿ ಕಂಕಣದ ಹಾಗೆ ಕೈಗೆ ಕಟ್ಟಿದಳು. ಬರೀ ಹೊಟ್ಟೆಯಲ್ಲಿ ಕಳಿಸುವುದಿಲ್ಲ ಎಂದು ಅಕ್ಕಿರೊಟ್ಟಿಗೆ ಕಾಯಿಚಟ್ನಿ ಸವರಿ ಕೊಟ್ಟಳು. ತಿನ್ನುವ ತನಕ ಎದುರಿಗೇ ಕೂತಿದ್ದಳು.

ನಾನು ಮುಗಿಸಿದ್ದು 12 ಗಂಟೆ 16 ನಿಮಿಷಕ್ಕೆ. ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು, ಪದಕದ ಪೆಟ್ಟಿಗೆಗೆ ಟೇಪು ಸುತ್ತಿ ಆಗಿತ್ತು. ಸ್ವಯಂಸೇವಕ ಹುಡುಗ ಪಾಪ, ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ, ಉಳಿದಿದ್ದ ಎರಡು ಬಾಳೆಹಣ್ಣು ಕೊಟ್ಟ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಮುಗಿಸಿಲ್ಲ" ಎಂದಿದೆ. ಕ್ಯಾಷಿಯರಿನ ಬುದ್ಧಿ ಎಲ್ಲಿ ಹೋಗುತ್ತದೆ, ಬಸ್ಸಿನಲ್ಲಿ ಕೂತು ತಾಳೆ ನೋಡಿದೆ. ದಾರಕ್ಕೆ ಏಳು ನಿಮಿಷ, ರೊಟ್ಟಿಗೆ ಒಂಬತ್ತು. ಸರಿಯಾಗಿ ಕೂಡಿತು. ಹಸುವಿನ ಹತ್ತು ನಿಮಿಷವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮನೆ ತಲುಪಿದಾಗ ರಾತ್ರಿ ಹನ್ನೊಂದು. ಅತ್ತೆ ಟಬ್ಬಿನಲ್ಲಿ ಬಿಸಿನೀರಿಗೆ ಉಪ್ಪು ಹಾಕಿಟ್ಟು ಕಾಯುತ್ತಿದ್ದರು. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ: ವೈದ್ಯಕೀಯ ಕಾರಣ, ರಕ್ತಸಂಚಾರ ಇತ್ಯಾದಿ. ಅವರು ನನ್ನ ಕಾಲು ನೋಡಿದರು, ಕೈಯ ಗೋಣಿದಾರ ನೋಡಿದರು. ಕತ್ತರಿ ತಂದು ದಾರ ಕತ್ತರಿಸಿ, ಉಂಗುರ ತೊಳೆದು ದೇವರ ಗೂಡಿಗೆ ಹೋದರು. "ಊತ ಇಳೀಲಿ" ಎಂದರು, ಅಷ್ಟೆ.

ಮಾರನೇ ದಿನ ನಾನು ರಜೆ. ಜಗಲಿಯಲ್ಲಿ ಅತ್ತೆ ದೇವರಿಗೆ ಕಾಕಡ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತೆ.

"ಹೆಂಗೆ ತೆಗೆದ್ಲು ಅವ್ಳು?"

ಹೇಳಿದೆ. ಗೋಣಿದಾರ, ಎಣ್ಣೆ, ಪಿನ್ನು, ಸುತ್ತಿದ್ದು, ಬಿಚ್ಚಿದ್ದು. ಅತ್ತೆಯ ಕೈಯಲ್ಲಿ ನಾಲ್ಕು ಮೊಗ್ಗು ಹಾಗೇ ಉಳಿದವು.

"ನೋವಾಯ್ತಾ?"

"ಇಲ್ಲ ಅತ್ತೆ."

"ನಂದು ತೆಗೆವಾಗ ಸೋಪು ಹಚ್ಚಿ ಎಳೆದ್ರು," ಎಂದರು. "ಮನೆ ತುಂಬ ಜನ ಇದ್ರು. ಈ ದಾರದ್ದು ಒಬ್ರಿಗೂ ಗೊತ್ತಿರ್ಲಿಲ್ಲ ನೋಡು."

ಆಮೇಲೆ ಹೂವಿನ ದಾರದ ಉಂಡೆಯನ್ನು ನನ್ನ ಕಡೆ ಉರುಳಿಸಿ, "ಎಲ್ಲಿ, ಹೆಂಗೆ ಸುತ್ತಿದ್ಲು ತೋರ್ಸು" ಎಂದು ಕಾಲು ಚಾಚಿದರು.